ಕರುಳಿನ ಉರಿಯೂತ: ಜೀನ್ ರಿಪೋರ್ಟ್ ಎಷ್ಟು ಹೇಳುತ್ತೆ?

ಕೇಳುಗರಿಗೆ ನಮಸ್ಕಾರ.

ಮಲದಲ್ಲಿ ರಕ್ತ ಕಂಡರೆ ನಮ್ಮ ಹಾಸನದ ಕಡೆ ಮೊದಲು ಬರುವ ಮಾತು ಮೂಲವ್ಯಾಧಿ. ಲೋಳೆ ಕಂಡರೆ ಆಮಶಂಕೆ. ಬಹಳ ಸಲ ಅದು ನಿಜವೇ. ಆದರೆ ಭೇದಿ ವಾರಗಟ್ಟಲೆ ನಿಲ್ಲದೆ, ಹೊಟ್ಟೆನೋವಿನ ಜೊತೆ ತೂಕವೂ ಇಳಿಯುತ್ತಿದ್ದರೆ ಅದು ಐಬಿಡಿ, ಅಂದರೆ ಕರುಳಿನ ಉರಿಯೂತ ಇರಬಹುದು. ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ ಇದರ ಎರಡು ಮುಖ್ಯ ಬಗೆ.

ಸಕಲೇಶಪುರದ ಕಡೆಯ ತಾಯಿಯೊಬ್ಬರು ಮಗನ ಫೈಲು ಮೇಜಿನ ಮೇಲಿಟ್ಟು ಕೇಳಿದ್ದರು: "ಡಾಕ್ಟ್ರೇ, ನನ್ನ ತಮ್ಮನಿಗೂ ಹೀಗೇ ಇತ್ತು. ನಮ್ಮ ಕಡೆಯಿಂದಲೇ ಬಂತಾ?" ಫೈಲಿನಲ್ಲಿ ದುಬಾರಿ ಜೀನ್ ರಿಪೋರ್ಟೂ ಇತ್ತು. ನಾಡ್-2 ಎಂಬ ಜೀನ್ ಎದುರು 'ನಾರ್ಮಲ್' ಎಂದು ಬರೆದಿತ್ತು. ಹಾಗಾದರೆ ಕ್ರೋನ್ಸ್ ಇಲ್ಲ ಅಲ್ವಾ ಅಂತ ಅವರ ಆಸೆ.

ಹಾಗೆ ಹೇಳಲು ಬರುವುದಿಲ್ಲ. ಬ್ಯಾಕ್ಟೀರಿಯಾದ ಗೋಡೆಯ ಚೂರನ್ನು ಗುರುತು ಹಿಡಿದು ದೇಹವನ್ನು ಎಚ್ಚರಿಸುವುದು ನಾಡ್-2ರ ಕೆಲಸ. ಅದರಲ್ಲಿನ ಕೆಲವು ಬದಲಾವಣೆಗೂ ಕ್ರೋನ್ಸ್‌ಗೂ ನಂಟಿದೆ ಎಂದು 2001ರಲ್ಲಿ ಗೊತ್ತಾಯಿತು. ಆದರೆ ಆ ಮುಖ್ಯವಾದ ಮೂರು ಬದಲಾವಣೆಗಳು ಯುರೋಪಿನ ಮೂಲದವರಲ್ಲಿ ಕಂಡವು. ಭಾರತದ ರೋಗಿಗಳಲ್ಲಿ ಅವು ತೀರಾ ಅಪರೂಪ. ಅವು ಇಲ್ಲ ಎಂಬ ರಿಪೋರ್ಟಿನಿಂದ ನಮಗೇನು ಸಿಕ್ಕ ಹಾಗಾಯ್ತು? ದುಡ್ಡು ದಂಡ, ಅಷ್ಟೇ.

ಜೀನ್‌ನಲ್ಲಿ ಅಂಥ ಬದಲಾವಣೆ ಇದ್ದರೂ ಕಾಯಿಲೆ ಬಂದೇ ಬರುತ್ತದೆ ಎಂದೇನಿಲ್ಲ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಕ್ರೋನ್ಸ್ ಬಂದು ಇನ್ನೊಬ್ಬರು ಆರಾಮಾಗಿರುವುದು ಎಷ್ಟೋ ಇದೆ. ಈ ಕಾಯಿಲೆಗಳ ಜೊತೆ ನಂಟಿರುವ ಜಾಗಗಳು ನಮ್ಮ ಡಿಎನ್ಎಯಲ್ಲಿ 200ಕ್ಕೂ ಜಾಸ್ತಿ. ಒಂದೊಂದರ ಪಾಲೂ ಚಿಕ್ಕದು. ಐಎಲ್-23ಆರ್ ಎಂಬ ಜೀನ್‌ನ ಒಂದು ಬದಲಾವಣೆಯಂತೂ ಕಾಯಿಲೆಯಿಂದ ಕಾಪಾಡುವಂಥದ್ದು! ಮನೆಯಲ್ಲಿ ಒಬ್ಬರಿಗಿದ್ದರೆ ಉಳಿದವರಿಗೆ ಅಪಾಯ ಸ್ವಲ್ಪ ಹೆಚ್ಚು, ಹೌದು. ಆದರೆ ತಾಯಿ ತನ್ನನ್ನೇ ಬೈದುಕೊಳ್ಳಬೇಕಾಗಿಲ್ಲ.

ಕಾಯಿಲೆ ಪತ್ತೆಯಾಗುವುದು ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ನಳಿಕೆಯಿಂದ ಕರುಳನ್ನು ನೋಡುವುದು) ಮತ್ತು ಬಯಾಪ್ಸಿಯಿಂದ (ಕರುಳಿನ ಚೂರು ತೆಗೆದು ಪರೀಕ್ಷಿಸುವುದು). ನಮ್ಮಲ್ಲಿ ಇನ್ನೊಂದು ತೊಡಕಿದೆ. ಕರುಳಿನ ಟಿಬಿ ನೋಡಲು ಥೇಟ್ ಕ್ರೋನ್ಸ್ ಥರವೇ. ಟಿಬಿ ಇದ್ದವರಿಗೆ ಕ್ರೋನ್ಸ್ ಎಂದುಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಕೊಟ್ಟರೆ ಟಿಬಿ ಕೆರಳುತ್ತದೆ.

ನಮ್ಮವರಿಗೆ ಉಪಯೋಗಕ್ಕೆ ಬರುವ ಜೀನ್ ಪರೀಕ್ಷೆ ಬೇರೆಯೇ ಇದೆ. ಹೆಸರು ನುಡ್ಟ್-15. ಅದು ಕಾಯಿಲೆಯದಲ್ಲ, ಮಾತ್ರೆಯ ವಿಚಾರ. ಇದರ ಒಂದು ಬದಲಾವಣೆ ಏಷ್ಯಾದವರಲ್ಲಿ ಹೆಚ್ಚು. ಅದಿದ್ದವರು ಈ ಕಾಯಿಲೆಗೆ ಕೊಡುವ, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಮಾತ್ರೆಯನ್ನು ಮಾಮೂಲಿ ಪ್ರಮಾಣದಲ್ಲಿ ನುಂಗಿದರೆ ಬಿಳಿ ರಕ್ತಕಣ ಸರಕ್ಕನೆ ಇಳಿಯಬಹುದು. ಮಾತ್ರೆ ಶುರುವಾಗುವ ಮೊದಲೇ ಈ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ. ಶುರುವಾದ ಮೊದಲ ವಾರಗಳಲ್ಲಿ ತಲೆಕೂದಲು ಹಿಡಿಹಿಡಿಯಾಗಿ ಉದುರಿದರೆ, ಜ್ವರ ಬಂದರೆ, ಮುಂದಿನ ತಾರೀಕಿಗೆ ಕಾಯಬೇಡಿ. ಅವತ್ತೇ ಡಾಕ್ಟರಿಗೆ ತಿಳಿಸಿ, ರಕ್ತ ಪರೀಕ್ಷೆ ಮಾಡಿಸಿ.