ಖಾತೆಯಲ್ಲಿ ಸೊನ್ನೆ, ಬಿಲ್ ಮಾತ್ರ ಪಾವತಿ: ಸಂಶೋಧನೆಯ ದುಡ್ಡು ಎಲ್ಲಿರುತ್ತದೆ?

[ದೃಶ್ಯ: ಬೆಳಗ್ಗೆ, ಕುಕ್ಕರಹಳ್ಳಿ ಕೆರೆ ಏರಿ. ನಡೆಯುತ್ತಾ ಮಾತು.]

ನಮಸ್ಕಾರ. ಮೈಸೂರಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನಮಗೆ ಒಂದು ಪ್ರಶ್ನೆ ಕಳಿಸಿದ್ದಾರೆ. ಓದುತ್ತೇನೆ ಕೇಳಿ.

"ಸರ್, ನಮ್ಮ ಗೈಡ್‌ಗೆ ಪ್ರಾಜೆಕ್ಟ್ ಸಿಕ್ಕಿದೆ. ಸ್ಯಾಂಕ್ಷನ್ ಆರ್ಡರ್ ಕೈಯಲ್ಲಿದೆ. ಅದಕ್ಕೆ ಅಂತಲೇ ಬ್ಯಾಂಕ್ ಖಾತೆಯನ್ನೂ ತೆರೆದಿದ್ದಾರೆ. ಯಾವಾಗ ನೋಡಿದರೂ ಅದರಲ್ಲಿ ಸೊನ್ನೆ. ಆದರೆ ಮೊನ್ನೆ ಕೆಮಿಕಲ್ ಬಿಲ್ ಅದೇ ಖಾತೆಯಿಂದ ಪಾವತಿಯಾಯಿತು. ಇದು ಹೇಗೆ ಸರ್?"

ಒಳ್ಳೆ ಪ್ರಶ್ನೆ ಅಲ್ವಾ? ಇದರ ಹಿಂದೆ ಬಿದ್ದು ನಾನು ಎರಡು ವಾರ ಸರ್ಕಾರಿ ಆದೇಶಗಳನ್ನು ಓದಿದೆ.

ಮೊದಲು ಬೇಗ ಒಂದೆರಡು ಮಾತು. ಪ್ರೊಫೆಸರ್ ಒಬ್ಬರು ಪ್ರಾಜೆಕ್ಟ್ ಬರೆದು ಕಳಿಸುತ್ತಾರೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ (ಡಿಎಸ್‌ಟಿ), ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ) ತರಹದ ಸಂಸ್ಥೆ ಒಪ್ಪಿದರೆ ದುಡ್ಡು ಮಂಜೂರಾಗುತ್ತದೆ. ಉಪಕರಣಕ್ಕೆ ಇಷ್ಟು, ಕೆಮಿಕಲ್‌ಗೆ ಇಷ್ಟು, ಓಡಾಟಕ್ಕೆ ಇಷ್ಟು, ಫೆಲೋಶಿಪ್‌ಗೆ ಇಷ್ಟು ಅಂತ ಹೆಡ್‌ಗಳು ಇರುತ್ತವೆ. ದುಡ್ಡು ಪ್ರೊಫೆಸರ್ ಕೈಗೆ ಬರುವುದಿಲ್ಲ, ಮಂಜೂರಾಗುವುದು ವಿಶ್ವವಿದ್ಯಾಲಯದ ಹೆಸರಿಗೆ. ಲೆಕ್ಕ ಇಡುವುದೂ ವಿಶ್ವವಿದ್ಯಾಲಯವೇ. ಇಷ್ಟು ಸಾಕು.

[ದೃಶ್ಯ: ಕೆರೆಯ ತೂಬಿನ ಹತ್ತಿರ ನಿಂತು.]

ಈಗ ಸೊನ್ನೆಯ ವಿಷಯಕ್ಕೆ ಬರೋಣ. ನಾನು ಮದ್ದೂರು ಕಡೆಯವನು. ನಮ್ಮ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಹಾಗಾಗಿ ಈ ಆದೇಶ ಓದಿದ ತಕ್ಷಣ ನನಗೆ ನೆನಪಾಗಿದ್ದು ನೀರು.

ಹಿಂದೆ ಗ್ರಾಂಟ್ ಬರುತ್ತಿದ್ದುದು ಕೆರೆ ತುಂಬಿದ ಹಾಗೆ. ವರ್ಷದ ಕಂತು ಒಟ್ಟಿಗೆ ವಿಶ್ವವಿದ್ಯಾಲಯದ ಖಾತೆಗೆ ಬಂದು ಬೀಳುತ್ತಿತ್ತು. ಕೆರೆ ಊರಿನದು, ತೂಬು ಊರಿನವರ ಕೈಯಲ್ಲಿ. ಬೇಕಾದಾಗ ಎತ್ತಬಹುದಿತ್ತು. ಉಳಿದರೆ, ಒಪ್ಪಿಗೆ ಪಡೆದು ಮುಂದಿನ ವರ್ಷಕ್ಕೂ ಬಳಸಬಹುದಿತ್ತು.

ಆದರೆ ದೆಹಲಿಯಿಂದ ನೋಡಿದವರಿಗೆ ಬೇರೆಯೇ ಕಾಣುತ್ತಿತ್ತು. ದೇಶದ ತುಂಬ ಸಾವಿರಾರು ಕೆರೆ, ಎಲ್ಲದರಲ್ಲೂ ನಿಂತ ನೀರು. ಅಂದರೆ ಖರ್ಚಾಗದೆ ಬ್ಯಾಂಕಿನಲ್ಲಿ ಕೂತ ದುಡ್ಡು. ಅದೇ ಹೊತ್ತಿಗೆ ಸರ್ಕಾರ ತನ್ನ ಖರ್ಚಿಗೆ ಸಾಲ ಮಾಡಿ ಬಡ್ಡಿ ಕಟ್ಟುತ್ತಿತ್ತು. ಇದನ್ನು ತಪ್ಪಿಸಬೇಕು ಅನ್ನುವುದು ನ್ಯಾಯವಾದ ಮಾತೇ.

ಅದಕ್ಕೇ 2022ರ ಮಾರ್ಚ್‌ನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ ಹೊಸ ಪದ್ಧತಿ ತಂದಿತು. ಇನ್ನು ನೀರು ಕೆರೆಗೆ ಬರುವುದಿಲ್ಲ, ಅಣೆಕಟ್ಟಿನಲ್ಲೇ ಇರುತ್ತದೆ. ದುಡ್ಡು ಕೇಂದ್ರದ ಒಂದು ಖಾತೆಯಲ್ಲೇ ಇರುತ್ತದೆ. ವಿಶ್ವವಿದ್ಯಾಲಯಕ್ಕೆ ಸಿಗುವುದು 'ಇಷ್ಟರವರೆಗೆ ಎತ್ತಬಹುದು' ಅನ್ನುವ ಲಿಮಿಟ್ ಮಾತ್ರ. ವಿಶ್ವವಿದ್ಯಾಲಯದ ಖಾತೆಯ ಹೆಸರೇ ಜೀರೋ ಬ್ಯಾಲೆನ್ಸ್ ಖಾತೆ. ಕೆಮಿಕಲ್ ಅಂಗಡಿಯವರ ಬಿಲ್ ಪಾಸಾದಾಗ ಅಷ್ಟೇ ದುಡ್ಡು ಮೇಲಿನಿಂದ ಬಂದು, ಈ ಖಾತೆಯ ಮೂಲಕ ಹಾದು, ನೇರ ಅಂಗಡಿಯವರಿಗೆ ಹೋಗುತ್ತದೆ. ಖಾತೆ ಮತ್ತೆ ಸೊನ್ನೆ.

ಹಾಗಾಗಿ ಆ ತಂಗಿಗೆ ನನ್ನ ಉತ್ತರ ಇದು. ನೀವು ನೋಡಿದ್ದು ನಾಲೆಯನ್ನಮ್ಮಾ. ನೀರು ಹರಿಯದಾಗ ನಾಲೆ ಒಣಗಿಯೇ ಇರುತ್ತದೆ. ವಿಶ್ವವಿದ್ಯಾಲಯದಲ್ಲಿ ಪ್ರಾಜೆಕ್ಟ್ ಲೆಕ್ಕ ನೋಡುವ ಸೆಕ್ಷನ್‌ನಲ್ಲಿ 'ಬ್ಯಾಲೆನ್ಸ್ ಎಷ್ಟಿದೆ' ಅಂತ ಕೇಳಬೇಡಿ. 'ಯಾವ ಹೆಡ್‌ಗೆ ಎಷ್ಟು ಲಿಮಿಟ್ ಬಂದಿದೆ, ಎಷ್ಟು ಉಳಿದಿದೆ' ಅಂತ ಕೇಳಿ.

[ದೃಶ್ಯ: ಮಂಡ್ಯದ ಹತ್ತಿರ ನಾಲೆ, ಎರಡೂ ಕಡೆ ಭತ್ತದ ಗದ್ದೆ.]

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನನಗೆ ಜಾಸ್ತಿ ಕಾಡಿದ ವಿಷಯ ಇಲ್ಲೇ ಇದೆ.

ಕೆಆರ್‌ಎಸ್ 124.80 ಅಡಿ ತುಂಬಿತು ಅಂದರೆ ನಮ್ಮ ಗದ್ದೆಗೆ ನೀರು ಬಂತು ಅಂತ ಅಲ್ಲ. ಇದು ಮಂಡ್ಯದ ಮಕ್ಕಳಿಗೂ ಗೊತ್ತು. ನಾಲೆಯಲ್ಲಿ ಕಟ್ಟು ನೀರು ಬಿಡುತ್ತಾರೆ. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಮೇಲಿನವರ ಗದ್ದೆ ತುಂಬಿ ನಮ್ಮ ಹತ್ತಿರ ಬರುವಷ್ಟರಲ್ಲಿ ಕಟ್ಟು ಮುಗಿದಿರಬಹುದು. ನಡುವೆ ನೀರುಗಂಟಿ ಊರಲ್ಲಿಲ್ಲದಿದ್ದರೆ ಮುಗಿಯಿತು.

ವಿಶ್ವವಿದ್ಯಾಲಯದಲ್ಲೂ ನೀರುಗಂಟಿ ಇದ್ದಾರೆ. ಕೇಂದ್ರದ ಪಾವತಿ ಪೋರ್ಟಲ್ ಪಿಎಫ್‌ಎಂಎಸ್‌ನಲ್ಲಿ ಒಬ್ಬರು ಬಿಲ್ ಹಾಕಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು, ಡಿಜಿಟಲ್ ಸಹಿ ಬೀಳಬೇಕು. ಆ ಅಧಿಕಾರಿ ವರ್ಗವಾದರು ಅಂದುಕೊಳ್ಳಿ. ಹೊಸಬರ ಸಹಿ ನೋಂದಣಿಯಾಗುವವರೆಗೆ ತೂಬು ತೆರೆಯುವುದಿಲ್ಲ. ಆಗ ಲ್ಯಾಬ್‌ನವರು ಸೆಕ್ಷನ್‌ನವರನ್ನು ಬೈಯುತ್ತಾರೆ. ಸೆಕ್ಷನ್‌ನಲ್ಲಿ ಒಬ್ಬರೇ ಕೇಸ್ ವರ್ಕರ್ ಹತ್ತಾರು ಪ್ರಾಜೆಕ್ಟ್ ನೋಡುತ್ತಿರುತ್ತಾರೆ. ಪ್ರತಿ ಸಂಸ್ಥೆಗೂ ಬೇರೆ ನಿಯಮ, ಬೇರೆ ಫಾರ್ಮ್. ಸುಮ್ನೆ ಅವರ ಮೇಲೆ ಸಿಟ್ಟು ಮಾಡಿದರೆ ನೀರು ಬರುವುದಿಲ್ಲ. ಪದ್ಧತಿ ಬದಲಾಯಿಸಿದವರು ಜನರನ್ನೂ ಕೊಡಬೇಕು, ತರಬೇತಿಯನ್ನೂ ಕೊಡಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು, ಮಾರ್ಚ್ 31. ಆ ವರ್ಷದ ಲಿಮಿಟ್ ಅಲ್ಲಿಗೆ ಮುಗಿಯುತ್ತದೆ. ಉಳಿದದ್ದು ನಿಮಗೆ ಉಳಿಯುವುದಿಲ್ಲ. ಹೊಸ ವರ್ಷದ ಲಿಮಿಟ್ ಬರುವವರೆಗೆ ಕಾಯಬೇಕು.

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ವಿ.ಸಿ. ಫಾರಂ ಗೊತ್ತಲ್ಲ? ಕೆಆರ್‌ಎಚ್-2 ಹೈಬ್ರಿಡ್ ಭತ್ತ ಬಂದಿದ್ದು ಅಲ್ಲಿಂದಲೇ. ಭತ್ತದ ಮೇಲೆ ಸಂಶೋಧನೆ ಮಾಡುವವರನ್ನು ಯೋಚಿಸಿ. ಬೇಸಿಗೆ ಬೆಳೆಗೆ ಜನವರಿ ಹೊತ್ತಿಗೆ ನಾಟಿ ಆಗುತ್ತದೆ. ಕೊಯ್ಲು ಮೇ ತಿಂಗಳ ಹೊತ್ತಿಗೆ. ಮಾರ್ಚ್ ಕೊನೆ ಅಂದರೆ ತೆನೆ ಬರುವ ಕಾಲ. ದಿನಾ ಅಳತೆ ತೆಗೆಯಬೇಕು, ಕೂಲಿ ಕೊಡಬೇಕು. ಭತ್ತಕ್ಕೆ ಹಣಕಾಸು ವರ್ಷ ಗೊತ್ತಿಲ್ಲ. ಹೊಸ ಲಿಮಿಟ್ ತಡವಾಗಿ ಎರಡು ತಿಂಗಳು ದುಡ್ಡು ನಿಂತರೆ ಹೋಗುವುದು ಎರಡು ತಿಂಗಳಲ್ಲ, ಒಂದು ಇಡೀ ಬೆಳೆ. ಫೆಲೋಶಿಪ್ ನಂಬಿಕೊಂಡ ಹುಡುಗರಿಗೂ ಅಷ್ಟೇ. 2023ರ ಜನವರಿಯಿಂದ ಕಿರಿಯ ಸಂಶೋಧಕರ ಫೆಲೋಶಿಪ್ ಜೆಆರ್‌ಎಫ್‌ನ ಮೊತ್ತ ತಿಂಗಳಿಗೆ 31,000ದಿಂದ 37,000 ರೂಪಾಯಿಗೆ ಏರಿದೆ. ಸಂತೋಷ. ಆದರೆ ಮನೆ ಬಾಡಿಗೆ ತಿಂಗಳು ತಿಂಗಳು ಕಟ್ಟಬೇಕು.

[ದೃಶ್ಯ: ಸ್ಟುಡಿಯೋ.]

ಸಮಯ ಆಗುತ್ತಿದೆ. ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ಖರ್ಚಿನ ಲೆಕ್ಕ ಕೊಡುವ ಬಳಕೆ ಪ್ರಮಾಣಪತ್ರಕ್ಕೆ ಎಲ್ಲರೂ ಯುಸಿ ಅನ್ನುತ್ತಾರೆ. ಫಾರ್ಮ್ ಜಿಎಫ್‌ಆರ್ 12-ಎ. ಇದು ತಡವಾದರೆ ಮುಂದಿನ ಕಂತೂ ತಡ. ತೆರಿಗೆಯದು ಇನ್ನೊಂದು ಪೆಟ್ಟು. ಸಂಶೋಧನಾ ಉಪಕರಣಗಳಿಗೆ ಇದ್ದ ಶೇ. 5ರ ರಿಯಾಯಿತಿ ಜಿಎಸ್‌ಟಿ 2022ರ ಜುಲೈನಲ್ಲಿ ಹೋಯಿತು, ಶೇ. 18 ಆಯಿತು. ಹತ್ತು ಲಕ್ಷದ ಯಂತ್ರಕ್ಕೆ 1,30,000 ರೂಪಾಯಿ ಹೆಚ್ಚು. ಮೊದಲೇ ಮಂಜೂರಾದ ಬಜೆಟ್ ಮಾತ್ರ ಅಷ್ಟೇ ಇತ್ತು. 2024ರ ಅಕ್ಟೋಬರ್‌ನಿಂದ ವಿಶ್ವವಿದ್ಯಾಲಯಗಳು ಪಡೆಯುವ ಸಂಶೋಧನಾ ಗ್ರಾಂಟ್‌ಗೆ ಜಿಎಸ್‌ಟಿ ವಿನಾಯಿತಿ ಸಿಕ್ಕಿತು. ಅದು ಬೇರೆ ವಿಷಯ, ಯಂತ್ರದ ತೆರಿಗೆ ಅದರಿಂದ ಇಳಿಯಲಿಲ್ಲ.

2025ರ ಜೂನ್‌ನಲ್ಲಿ ಕೇಂದ್ರ ಖರೀದಿ ನಿಯಮ ಸಡಿಲ ಮಾಡಿತು. ವಿಜ್ಞಾನ ಸಂಸ್ಥೆಗಳು ಕೊಟೇಶನ್ ಇಲ್ಲದೆ ಖರೀದಿಸುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಏರಿತು. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಅಂಥ ಕೇಂದ್ರ ಸಂಸ್ಥೆಗಳಿಗೆ ಇದು ನಿಜವಾಗಿ ಒಳ್ಳೆಯದು. ರಾಜ್ಯದ ವಿಶ್ವವಿದ್ಯಾಲಯಗಳ ಕಥೆ ಹಾಗಲ್ಲ. ಅವು ಸರ್ಕಾರಿ ಖರೀದಿಗೆ ರಾಜ್ಯ ಮಾಡಿದ 1999ರ ಕೆಟಿಪಿಪಿ ಕಾಯ್ದೆಯನ್ನೂ ಪಾಲಿಸಬೇಕು. ದುಡ್ಡು ಕೇಂದ್ರದ್ದು, ಟೆಂಡರ್ ನಿಯಮ ರಾಜ್ಯದ್ದು. ಕೊನೆ ಭಾಗದ ಗದ್ದೆ ಅಂದೆನಲ್ಲ, ಇದೇ.

ಇನ್ನು ಎಎನ್‌ಆರ್‌ಎಫ್, ಅಂದರೆ ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರದ ಹೊಸ ಸಂಸ್ಥೆ. 2023ರ ಕಾಯ್ದೆಯಿಂದ ಹುಟ್ಟಿ, 2024ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಮೊದಲು ಗ್ರಾಂಟ್ ಕೊಡುತ್ತಿದ್ದ ಹಳೆಯ ಮಂಡಳಿ ಎಸ್‌ಇಆರ್‌ಬಿ ಇದರಲ್ಲೇ ಸೇರಿಹೋಯಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಅಂತ ಗುರಿ. ಅದರಲ್ಲಿ ಸರ್ಕಾರದ್ದು 14,000 ಕೋಟಿ, ಉಳಿದ 36,000 ಕೋಟಿ ಹೊರಗಿನಿಂದ, ಮುಖ್ಯವಾಗಿ ಉದ್ಯಮಗಳಿಂದ ಬರಬೇಕು. ಅದರ ಬಗ್ಗೆ ಬೇರೆಯೇ ಒಂದು ವಿಡಿಯೋ ಬೇಕು, ಮಾಡುತ್ತೇನೆ.

ಈಗ ನೀವು ನನಗೊಂದು ಸಹಾಯ ಮಾಡಿ. ನೀವು ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡುತ್ತಿದ್ದರೆ, ಈ ವರ್ಷದ ಮೊದಲ ಲಿಮಿಟ್ ನಿಮಗೆ ಯಾವ ತಿಂಗಳು ಬಂತು ಅಂತ ಕಾಮೆಂಟ್‌ನಲ್ಲಿ ಬರೆಯಿರಿ. ಹೆಸರು ಬೇಡ, ವಿಶ್ವವಿದ್ಯಾಲಯದ ಹೆಸರೂ ಬೇಡ. ತಿಂಗಳು ಮತ್ತು ವಿಷಯ ಸಾಕು. ಸೆಕ್ಷನ್‌ನಲ್ಲಿ ಕೆಲಸ ಮಾಡುವವರೂ ಬರೆಯಿರಿ, ನಿಮ್ಮ ಮಾತು ಇನ್ನೂ ಮುಖ್ಯ. ಕೊನೆ ಗದ್ದೆಗೆ ನೀರು ಮುಟ್ಟಲು ಎಷ್ಟು ದಿನ ಬೇಕಾಗುತ್ತಿದೆ ಅಂತ ಒಂದು ಪಟ್ಟಿ ಮಾಡೋಣ.