ರಾಜನ ವಿರುದ್ಧ ಕರಪತ್ರ: ಬರೆದವರೊಬ್ಬರು, ತಲೆ ಕೊಟ್ಟವರು ಇನ್ನೊಬ್ಬರು

ನಮಸ್ಕಾರ. ರಾಜ ತಪ್ಪು ಮಾಡಿದರೆ ಕೇಳುವವರು ಯಾರು? ದೇವರು ಮಾತ್ರ ಅಂತ ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್ ನಂಬಿದ್ದ. 1649ರ ಜನವರಿ 30ರಂದು ಲಂಡನ್‌ನ ವೈಟ್‌ಹಾಲ್‌ನಲ್ಲಿ, ಜನ ನೋಡುತ್ತಿದ್ದಂತೆಯೇ, ಅವನ ತಲೆ ಕಡಿದರು.

[ತೆರೆಯ ಮೇಲೆ: ಮಿಲ್ಟನ್ ಭಾವಚಿತ್ರ]

ಎರಡೇ ವಾರಕ್ಕೆ ಒಂದು ತೆಳು ಪುಸ್ತಕ ಹೊರಬಂತು. ಬರೆದವನು ಕವಿ ಜಾನ್ ಮಿಲ್ಟನ್. ಮನುಷ್ಯರೆಲ್ಲ ಹುಟ್ಟಿನಿಂದಲೇ ಸ್ವತಂತ್ರರು, ರಾಜನ ಅಧಿಕಾರ ಜನ ನಂಬಿ ಕೊಟ್ಟದ್ದು ಅಂದ. ಅಷ್ಟಕ್ಕೇ ನಿಲ್ಲಲಿಲ್ಲ. ರಾಜ ದುಷ್ಟನೇ ಆಗಿರಬೇಕಿಲ್ಲ, ಬೇಡ ಅನ್ನಿಸಿದರೂ ಜನ ಅವನನ್ನು ಇಳಿಸಬಹುದು ಅಂದ. ನನಗೆ ಆ ಪುಸ್ತಕದಲ್ಲಿ ಅತಿ ದಿಟ್ಟ ಮಾತು ಇದೇ.

1641ರಲ್ಲಿ ಸ್ಟಾರ್ ಚೇಂಬರ್ ಎಂಬ ರಾಜನ ಕೋರ್ಟ್ ರದ್ದಾದ ಮೇಲೆ ಅಚ್ಚುಕೂಟಗಳ ಮೇಲಿನ ಹಿಡಿತ ಸಡಿಲಾಗಿತ್ತು. ಕರಪತ್ರಗಳು ರಾಶಿ ರಾಶಿ ಬಂದವು. ಜಾರ್ಜ್ ಥಾಮಸನ್ ಎಂಬ ಪುಸ್ತಕ ವ್ಯಾಪಾರಿ ಸುಮಾರು 20 ವರ್ಷ ಕೂತು 22,000ದಷ್ಟು ಕೂಡಿಟ್ಟ. ಎಷ್ಟೋ ಪ್ರತಿಗಳ ಮೇಲೆ ತಾರೀಖನ್ನೂ ಬರೆದಿಟ್ಟ. ಅವೀಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ರಾಜನ ಕಡೆಯವರೂ ಸುಮ್ನೆ ಕೂರಲಿಲ್ಲ. ಚಾರ್ಲ್ಸನೇ ಬರೆದದ್ದು ಅಂತ ಬಂದ 'ಐಕಾನ್ ಬೆಸಿಲಿಕೆ' ಎಂಬ ಪುಸ್ತಕ ಒಂದೇ ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಅಚ್ಚಾಯಿತು. ಮಿಲ್ಟನ್ ಉತ್ತರ ಬರೆದ, ಆದರೆ ಜನರಿಗೆ ತಟ್ಟಿದ್ದು ಸತ್ತ ರಾಜನ ಮೇಲಿನ ಕನಿಕರವೇ.

1660ರ ಮೇ ತಿಂಗಳಲ್ಲಿ ರಾಜನ ಮಗ ಎರಡನೇ ಚಾರ್ಲ್ಸ್ ಹೊರದೇಶದಿಂದ ವಾಪಸ್ ಬಂದು ರಾಜನಾದ. ಅದಕ್ಕೆ ಕೆಲವೇ ವಾರ ಮೊದಲು, ಕಣ್ಣು ಪೂರ್ತಿ ಹೋಗಿದ್ದ ಮಿಲ್ಟನ್, ರಾಜ ಬೇಡ ಅಂತ ಮತ್ತೊಮ್ಮೆ ಅಚ್ಚು ಹಾಕಿಸಿದ್ದ. ಎಂಥ ಗುಂಡಿಗೆ ಅಲ್ವಾ! ಅವನ ಪುಸ್ತಕಗಳನ್ನು ಸುಟ್ಟರು, ಜೈಲಿಗೂ ಹಾಕಿದರು. ಜೀವ ಉಳಿಯಿತು.

[ತೆರೆಯ ಮೇಲೆ: ಹಳೆಯ ಮರದ ಅಚ್ಚಿನ ಯಂತ್ರ]

ಮಿಲ್ಟನ್ ಎಲ್ಲರಿಗೂ ಗೊತ್ತು. ಜಾನ್ ಟ್ವಿನ್ ಕೂಡ ಗೊತ್ತಿರಬೇಕು ಅಂತಲೇ ಈ ವಿಡಿಯೋ ಮಾಡಿದ್ದು. ಟ್ವಿನ್ ಲಂಡನ್‌ನ ಕ್ಲಾತ್ ಫೇರ್‌ನಲ್ಲಿ ಸಣ್ಣ ಅಚ್ಚುಕೂಟ ಇಟ್ಟುಕೊಂಡಿದ್ದ. 1663ರ ಅಕ್ಟೋಬರ್, ಬೆಳಗಿನ ಜಾವ. ಪತ್ರಿಕೆ, ಪುಸ್ತಕಗಳ ಮೇಲೆ ಕಣ್ಣಿಡಲು ಸರ್ಕಾರ ನೇಮಿಸಿದ್ದ ರೋಜರ್ ಲೆಸ್ಟ್ರೇಂಜ್ ಬಂದು ಬಾಗಿಲು ಬಡಿದ. ಒಳಗಿನವರು ತಕ್ಷಣ ತೆರೆಯಲಿಲ್ಲ. ಜೋಡಿಸಿದ್ದ ಅಚ್ಚಿನ ಮೊಳೆಗಳನ್ನು (ಅಕ್ಷರದ ಅಚ್ಚುಗಳನ್ನು) ಕಿತ್ತು ಚೆಲ್ಲಿದರು, ಹಾಳೆಗಳನ್ನು ಅಡಗಿಸಲು ನೋಡಿದರು. ಆದರೂ ಸಿಕ್ಕಿಬಿದ್ದರು. ರಾಜನೂ ಜನರಿಗೆ ಲೆಕ್ಕ ಕೊಡಬೇಕು, ಕೊಡದಿದ್ದರೆ ಜನ ಎದ್ದು ನಿಲ್ಲಬೇಕು ಅಂತ ಆ ಹಾಳೆಗಳಲ್ಲಿತ್ತು.

ಹೊಟ್ಟೆಪಾಡಿಗೆ ಮಾಡಿದ ಕೆಲಸ, ಮೂರು ಚಿಕ್ಕ ಮಕ್ಕಳಿದ್ದಾರೆ ಅಂತ ಟ್ವಿನ್ ಬೇಡಿಕೊಂಡ. ಕೋರ್ಟ್ ಕರಗಲಿಲ್ಲ, 1664ರ ಫೆಬ್ರವರಿಯಲ್ಲಿ ಮರಣದಂಡನೆ ಕೊಟ್ಟಿತು. ಬರೆದವರು ಯಾರು ಅಂತ ಕೊನೆಗೂ ಕೇಳಿದರು. ಅವರನ್ನು ಹಿಡಿದುಕೊಡುವುದು ತನ್ನ ರೀತಿಯಲ್ಲ ಅಂದ ಟ್ವಿನ್, ಹೆಸರು ಬಾಯಿಬಿಡದೆಯೇ ಗಲ್ಲಿಗೆ ಹೋದ.