ನನ್ನ ಪಾಯಿಂಟ್ ಶೂ ಮತ್ತು ‘ಮೋಸ’ ಅನ್ನುವ ಮಾತು

ಈ ಟಪ್ ಟಪ್ ಸದ್ದು ಕೇಳಿಸುತ್ತಿದೆಯಾ? ಹೊಸ ಪಾಯಿಂಟ್ ಶೂ ಜೋಡಿಯನ್ನು, ಅಂದರೆ ಬ್ಯಾಲೆ ನೃತ್ಯದಲ್ಲಿ ಬೆರಳ ತುದಿಯ ಮೇಲೆ ನಿಂತು ಕುಣಿಯಲು ಹಾಕುವ ಶೂಗಳನ್ನು, ನೆಲಕ್ಕೆ ಬಡಿಯುತ್ತಿದ್ದೇನೆ. ಇಷ್ಟು ಚೆಂದದ ಸ್ಯಾಟಿನ್ ಶೂ, ಯಾಕಪ್ಪಾ ಹೀಗೆ ಅನಿಸಬಹುದು. ಇದನ್ನು ಪಳಗಿಸುವುದೇ ಹೀಗೆ. ಬಡಿದರೆ ತುದಿ ಸ್ವಲ್ಪ ಮೆತ್ತಗಾಗುತ್ತದೆ, ಕುಣಿಯುವಾಗ ಸದ್ದೂ ಕಡಿಮೆಯಾಗುತ್ತದೆ.

ಒಳಗೆ ಮರದ ತುಂಡು ಇದೆಯಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲ. ಬೆರಳುಗಳನ್ನು ಸುತ್ತಲೂ ಹಿಡಿದಿಡುವ ಗಟ್ಟಿ ಭಾಗಕ್ಕೆ ಬಾಕ್ಸ್ ಅನ್ನುತ್ತೇವೆ. ಹಳೇ ಥರದ ಶೂಗಳಲ್ಲಿ ಅದು ಬಟ್ಟೆ, ಕಾಗದದ ಪದರಗಳಿಗೆ ಅಂಟು ಹಚ್ಚಿ ಒಣಗಿಸಿದ್ದು, ಅಷ್ಟೇ. ಪಾದದ ಕೆಳಗೆ ಆಸರೆಯಾಗಿ ಇರುವ ಗಟ್ಟಿ ಪಟ್ಟಿ ಶ್ಯಾಂಕ್. ಬೆವರು, ಬಿಸಿ ತಾಗಿದ ಹಾಗೆ ಅಂಟು ಸಡಿಲವಾಗುತ್ತದೆ. ಅದಕ್ಕೇ ದೊಡ್ಡ ಪಾತ್ರ ಮಾಡುವ ನರ್ತಕಿಯರಿಗೆ ಒಂದು ಜೋಡಿ ಒಂದೇ ಪ್ರದರ್ಶನಕ್ಕೆ ಮುಗಿದುಹೋಗುವುದೂ ಉಂಟು.

ನನ್ನ ಕಾಲಿಗೆ ಈ ಹಳೇ ಥರದ್ದೇ ಹಿಡಿಸಿದೆ. ನನ್ನ ಗೆಳತಿಯ ಶೂ ಬೇರೆ. ಅದರ ಬಾಕ್ಸ್, ಶ್ಯಾಂಕ್ ಎರಡೂ ರಬ್ಬರಿನ ಹಾಗೆ ಬಾಗುವ ಕೃತಕ ವಸ್ತುವಿನವು. ಗೇನರ್ ಮಿಂಡೆನ್ ಕಂಪನಿ 1993ರಲ್ಲಿ ಇಂಥ ಶೂಗಳನ್ನು ತಂದಿತು. ಬೇಗ ಸವೆಯುವುದಿಲ್ಲ, ಇಷ್ಟೆಲ್ಲ ಬಡಿಯಬೇಕಾಗಿಲ್ಲ. ಒಂದು ದಿನ ಕ್ಲಾಸಿನಲ್ಲಿ ಹಿರಿಯ ವಿದ್ಯಾರ್ಥಿನಿಯೊಬ್ಬಳು ಅವಳಿಗೆ, “ಇದು ಮೋಸ ಕಣೇ, ನಿನ್ನ ಕಾಲಿನ ಕೆಲಸ ಶೂ ಮಾಡುತ್ತೆ” ಅಂದಳು. ಗೆಳತಿ ಮಾತಾಡಲಿಲ್ಲ. ನಾನೂ ಸುಮ್ನೆ ನಿಂತಿದ್ದೆ. ಅದು ಇನ್ನೂ ಚುಚ್ಚುತ್ತದೆ.

ಯಾವ ಶೂ ಕೂಡ ನಮ್ಮನ್ನು ಎತ್ತಿ ನಿಲ್ಲಿಸುವುದಿಲ್ಲ. ಮೀನಖಂಡ, ಹೊಟ್ಟೆ, ಬೆನ್ನು ಎಲ್ಲ ಸೇರಿ ಎತ್ತಬೇಕು. ಇನ್ನು ಶುದ್ಧತೆಯೇ ಲೆಕ್ಕ ಅನ್ನುವುದಾದರೆ ಎಲ್ಲಿಂದ ಶುರು ಮಾಡೋಣ? 1832ರಲ್ಲಿ ಪ್ಯಾರಿಸ್ಸಿನಲ್ಲಿ ನರ್ತಕಿ ಮರೀ ತಾಲಿಯೋನಿ ‘ಲಾ ಸಿಲ್ಫೀಡ್’ ಅನ್ನುವ ಬ್ಯಾಲೆಯಲ್ಲಿ ಬೆರಳ ತುದಿಯ ಮೇಲೆ ಕುಣಿದಾಗ ಅವಳ ಶೂಗೆ ಬಾಕ್ಸೇ ಇರಲಿಲ್ಲ. ಮೆತ್ತನೆಯ ಸ್ಯಾಟಿನ್ ಚಪ್ಪಲಿಗೆ ದಾರದಲ್ಲಿ ರಫು ಹಾಕಿ ಗಟ್ಟಿ ಮಾಡಿದ್ದು. ಆ ಲೆಕ್ಕದಲ್ಲಿ ನನ್ನ ಕೈಯಲ್ಲಿರುವ ಈ ಶೂ ಕೂಡ ಮೋಸವೇ ಆಗಬೇಕು, ಅಲ್ವಾ? ರಷ್ಯಾದ ಹೆಸರಾಂತ ನರ್ತಕಿ ಆನ್ನಾ ಪಾವ್ಲೋವಾಳ ಪಾದದ ಕಮಾನು ತುಂಬಾ ಎತ್ತರ. ಆಸರೆಗೆ ಅವಳು ಶೂ ಒಳಗೆ ಗಟ್ಟಿ ಚರ್ಮ ಸೇರಿಸಿಕೊಂಡಳು. ಅವಳನ್ನೂ ಮೋಸಗಾತಿ ಅಂದರಂತೆ. ಇವತ್ತು ಗಟ್ಟಿ ಶ್ಯಾಂಕ್ ಇಲ್ಲದ ಪಾಯಿಂಟ್ ಶೂ ಯಾರು ಕೊಳ್ಳುತ್ತಾರೆ?

ಬ್ಯಾಲೆಯಲ್ಲಿ ನನಗೆ ಒಪ್ಪದ ಇನ್ನೊಂದು ವಿಷಯ, ನೋವನ್ನು ಪದಕದ ಹಾಗೆ ತೋರಿಸುವುದು. ರಕ್ತ ಬಂದ ಬೆರಳುಗಳ ಫೋಟೋಗೆ ಎಷ್ಟು ಚಪ್ಪಾಳೆ! ನಾನೂ ಅದನ್ನೇ ನಂಬಿದ್ದೆ. ಬೊಬ್ಬೆ ಎದ್ದ ಹೆಬ್ಬೆರಳಿಗೆ ಟೇಪ್ ಸುತ್ತಿ ಮೂರು ವಾರ ಯಾರಿಗೂ ಹೇಳಲಿಲ್ಲ. ಆ ಬೆರಳನ್ನು ಉಳಿಸಲು ಹೋಗಿ ಭಾರವನ್ನೆಲ್ಲ ಕಿರುಬೆರಳಿನ ಕಡೆಗೆ ಹಾಕುತ್ತಿದ್ದೆ. ಕೊನೆಗೆ ಪಾದ ಉಳುಕಿತು. ಆಮೇಲೆ ಗೊತ್ತಾಯಿತು, ನನ್ನ ಬಾಕ್ಸ್ ಅಗಲ ಜಾಸ್ತಿ ಇತ್ತು. ಬಾಕ್ಸ್ ಅಗಲವಾದರೆ ಕಾಲು ಒಳಗೆ ಕೆಳಕ್ಕೆ ಜಾರುತ್ತದೆ, ಇಡೀ ಮೈಭಾರ ಹೆಬ್ಬೆರಳಿನ ತುದಿಗೆ ಬೀಳುತ್ತದೆ. ಅಳತೆ ಬದಲಿಸಿದೆ, ಬೊಬ್ಬೆ ಹೋಯಿತು. ಮೂರು ವಾರ ಸಹಿಸಿದ್ದರಿಂದ ನಾನು ಏನೂ ಕಲಿತಿರಲಿಲ್ಲ.

ಬಣ್ಣದ ಮಾತನ್ನೂ ಹೇಳಲೇಬೇಕು. ಶೂಗೆ ಈ ತಿಳಿ ಗುಲಾಬಿ ಬಣ್ಣ ಯಾಕೆ ಗೊತ್ತಾ? ಕಾಲು ಮತ್ತು ಶೂ ಒಂದೇ ಗೆರೆಯಾಗಿ ಕಾಣಲಿ ಅಂತ. ಆದರೆ ಯಾರ ಕಾಲು? ಕಪ್ಪು, ಕಂದು ಮೈಬಣ್ಣದ ನರ್ತಕಿಯರು ವರ್ಷಗಟ್ಟಲೆ ಮುಖಕ್ಕೆ ಹಚ್ಚುವ ಫೌಂಡೇಶನ್ನನ್ನು ಶೂಗೆ ಬಳಿದುಕೊಂಡು ವೇದಿಕೆ ಹತ್ತಿದ್ದಾರೆ. ನ್ಯೂಯಾರ್ಕಿನ ಕಪ್ಪು ನರ್ತಕರ ಬ್ಯಾಲೆ ತಂಡ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ 1970ರ ದಶಕದಲ್ಲೇ ಮೈಬಣ್ಣಕ್ಕೆ ಹೊಂದುವ ಶೂ ಧರಿಸಿ ತೋರಿಸಿತ್ತು. ಲಂಡನ್ನಿನ ಶೂ ಕಂಪನಿ ಫ್ರೀಡ್, ಕಪ್ಪು ಮತ್ತು ಏಷ್ಯಾ ಮೂಲದ ನರ್ತಕರ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆ ಸೇರಿ ಕಂದು ಬಣ್ಣದ ಶೂಗಳನ್ನು ತಂದದ್ದು 2018ರಲ್ಲಿ. ಸ್ಯಾಟಿನ್‌ಗೆ ಬಣ್ಣ ಹಾಕುವುದು ಕಷ್ಟದ ಕೆಲಸವೇನೂ ಅಲ್ಲ. ಇಷ್ಟು ತಡವಾಗಿದ್ದು ನನಗೆ ನಿಜವಾಗಿಯೂ ಬೇಸರ.

ಸರಿ, ಬಡಿದದ್ದು ಸಾಕು. ಈಗ ರಿಬ್ಬನ್ ಹೊಲಿಯುತ್ತೇನೆ. ನೋಡಿ, ಇದು ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರ. ಮಾಮೂಲಿ ದಾರಕ್ಕಿಂತ ಗಟ್ಟಿ. ನಾಳೆ ಈ ಶೂ ಹಾಕಿಕೊಂಡು ಬಾರ್, ಅಂದರೆ ಅಭ್ಯಾಸಕ್ಕೆ ಆಸರೆಯಾಗುವ ಕಂಬಿ, ಹಿಡಿದು ಹತ್ತೇ ನಿಮಿಷ. ಪಕ್ಕದಲ್ಲಿ ಗೆಳತಿ ಇರುತ್ತಾಳೆ, ಅವಳ ಶೂನಲ್ಲಿ. ಯಾರಾದರೂ ಮತ್ತೆ ಮೋಸ ಅಂದರೆ ಈ ಸಲ ನಾನು ಮಾತಾಡುತ್ತೇನೆ.